ಅಕ್ಕಿ ಗಿರಣಿಯ ಧೂಳೂ ಮೋಟಾರೂ

2024ರ ಡಿಸೆಂಬರಿನಲ್ಲಿ ಭದ್ರಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರ್ ಸಿಡಿಯಿತು. ಅಂದಿನಿಂದ ಶಿವಮೊಗ್ಗ, ಭದ್ರಾವತಿಗಳಿಗೆ ಭತ್ತ ಒಯ್ಯುವಾಗಲೆಲ್ಲ ನಮ್ಮ ಕಣ್ಣು ಬಾಯ್ಲರಿನ ಕಡೆಗೇ ಹೋಗುತ್ತದೆ. ಅದೇ ಸೂರಿನಡಿಯ ಧೂಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಭತ್ತದ ನವಿರು ಧೂಳು, ಮೆಕ್ಕೆಜೋಳದ ಹಿಟ್ಟು ಮುಚ್ಚಿದ ಎಲಿವೇಟರಿನೊಳಗೆ ಗಾಳಿಯೊಡನೆ ದಟ್ಟವಾಗಿ ಬೆರೆತಿರುವಾಗ ಕಿಡಿ ತಗುಲಿದರೆ ಮದ್ದಿನಂತೆ ಸಿಡಿಯಬಲ್ಲದು. ಆ ಹೊಡೆತಕ್ಕೆ ತೊಲೆ, ಜಂತಿಗಳ ಮೇಲಿನ ಧೂಳೆಲ್ಲ ಎದ್ದು ಮತ್ತೊಮ್ಮೆ ಸಿಡಿದರೆ, ಆ ಎರಡನೆಯದೇ ಹೆಚ್ಚು ಘೋರ.

ಇಂಥಲ್ಲಿ ಧೂಳು ಒಳನುಗ್ಗದ, ಮೈ ಮಿತಿಮೀರಿ ಕಾಯದ ಮೋಟಾರು ಬೇಕು. ಭಾರತೀಯ ಮಾನಕ ಐಎಸ್/ಐಇಸಿ 60079ರ 31ನೆಯ ಭಾಗ ಇದಕ್ಕೆಂದೇ ಇದೆ. 'ಫ್ಲೇಮ್‌ಪ್ರೂಫ್' ಎಂಬ ಫಲಕವೊಂದನ್ನೇ ನೋಡಿ ಸಮಾಧಾನಪಡಬೇಡಿ. ಅದು ಅನಿಲದ ಸ್ಥಳಗಳಿಗಾಗಿ ಮಾಡಿದ್ದು, ಧೂಳಿಗೆ ಬೇರೆ ಗುರುತು ಬೇಕು. ಎಷ್ಟೇ ಒಳ್ಳೆಯ ಮೋಟಾರಾದರೂ ಧೂಳು ಕಂಬಳಿಯಂತೆ ಹೊದ್ದುಕೊಂಡರೆ ಶಾಖ ಹೊರಹೋಗದು. ಗುಡಿಸಲು ಯಾವ ಮಾನಕ ಬೇಕು, ಹೇಳಿ!

ಬೆಲೆ ಭಾರವೆನಿಸಿದರೆ, ನನ್ನ ಅಭಿಪ್ರಾಯದಲ್ಲಿ, ಸ್ವಿಚ್ಚು, ಸ್ಟಾರ್ಟರುಗಳನ್ನು ಧೂಳಿಲ್ಲದ ಗೋಡೆಯಾಚೆಗೆ ಸಾಗಿಸುವುದೇ ಮೊದಲ ಕೆಲಸ. ಸಹಕಾರಿ ಗಿರಣಿಯ ಷೇರುದಾರರಾಗಿದ್ದರೆ ಮುಂದಿನ ಸಭೆಯಲ್ಲಿ ಮೋಟಾರಿನ ಖರೀದಿ ಪತ್ರ ಕೇಳಿ ನೋಡಿ. ಅಲ್ಲಿ ಚೀಲ ಹೊರುವವರು ನಮ್ಮ ಊರಿನ ಹುಡುಗರೇ.