ಆಗಸ್ಟ್ 9ರ ಡೋಲು ಮತ್ತು ಜೈನ ಸಮಾಜ

ಪ್ರತಿವರ್ಷ ಆಗಸ್ಟ್ 9ರಂದು ಗುಜರಾತಿನಲ್ಲಿ ವಿಶ್ವ ಆದಿವಾಸಿ ದಿನದ ಆಚರಣೆ ನಡೆಯುತ್ತದೆ. ಅಂಬಾಜಿಯಿಂದ ಉಮರಗಾಮದವರೆಗೆ ಹಬ್ಬಿರುವ ಪೂರ್ವದ ಗುಡ್ಡಗಾಡಿನ ಜನ ಡೋಲು, ತಾರ್ಪಾ, ಬಿಲ್ಲುಬಾಣಗಳೊಡನೆ ಮೆರವಣಿಗೆ ಹೊರಡುತ್ತಾರೆ. ಉದ್ಯೋಗ, ವಿದ್ಯಾಭ್ಯಾಸ, ಕೂಲಿಗಾಗಿ ಅಹಮದಾಬಾದ್, ವಡೋದರಾ, ಸೂರತ್ ನಗರಗಳಿಗೆ ಬಂದು ನೆಲೆಸಿದವರಿಗೂ ಅದು ಹಬ್ಬದ ದಿನ. ಆ ದಿನ ಸಾಮಾನ್ಯವಾಗಿ ಚಾತುರ್ಮಾಸದ ಅವಧಿಯಲ್ಲಿಯೇ ಬರುವುದರಿಂದ, ಈ ನಗರಗಳ ಜೈನ ಕುಟುಂಬಗಳು ಪ್ರವಚನ, ಸ್ವಾಧ್ಯಾಯಗಳಲ್ಲಿ ನಿರತವಾಗಿರುತ್ತವೆ. ಒಂದೇ ಊರಿನಲ್ಲಿದ್ದೂ ಎರಡು ಸಮಾಜಗಳು ಪರಸ್ಪರ ಅಪರಿಚಿತವಾಗಿಯೇ ಉಳಿಯುತ್ತವೆ.

2011ರ ಜನಗಣತಿಯಂತೆ ಗುಜರಾತಿನಲ್ಲಿ ಪರಿಶಿಷ್ಟ ಪಂಗಡಗಳ ಜನಸಂಖ್ಯೆ ಸುಮಾರು 89 ಲಕ್ಷ. ರಾಜ್ಯದ ಪ್ರತಿ ನೂರು ಜನರಲ್ಲಿ ಹದಿನೈದು ಮಂದಿ. ಇಷ್ಟು ದೊಡ್ಡ ಜನಸಮುದಾಯವು ನಗರವಾಸಿಗಳ ಕಣ್ಣಿಗೆ ಬೀಳುವುದು ಎರಡೇ ರೂಪದಲ್ಲಿ: ಕಟ್ಟಡದ ಕೆಲಸಕ್ಕೆ ಬಂದ ಕೂಲಿಯವರಾಗಿ, ಇಲ್ಲವೆ ವೇದಿಕೆಯ ಮೇಲೆ ಕುಣಿಯುವ ಕಲಾವಿದರಾಗಿ.

ಈ ದಿನದ ಹುಟ್ಟು ಕುಣಿತದಿಂದ ಆದುದಲ್ಲ. ಮೂಲನಿವಾಸಿ ಜನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಕಾರ್ಯಕಾರಿ ಗುಂಪು 1982ರ ಆಗಸ್ಟ್ 9ರಂದು ಜಿನೀವಾದಲ್ಲಿ ಮೊದಲ ಬಾರಿಗೆ ಸಭೆ ಸೇರಿತು. ಆ ನೆನಪಿಗಾಗಿ 1994ರಲ್ಲಿ ಮಹಾಸಭೆ ಈ ದಿನವನ್ನು ಘೋಷಿಸಿತು. 2007ರಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಅಂಗೀಕಾರವಾದಾಗ ಭಾರತವೂ ಅದರ ಪರವಾಗಿ ಮತ ನೀಡಿತು. ಆದರೆ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬ ನಿಲುವನ್ನು ಬಿಡಲಿಲ್ಲ. ‘ಆದಿವಾಸಿ’ ಎನ್ನಬೇಕೆ, ‘ವನವಾಸಿ’ ಎನ್ನಬೇಕೆ ಎಂಬ ವಾದವು ಇಂದಿಗೂ ಚುನಾವಣಾ ಭಾಷಣಗಳಲ್ಲಿ ಕೇಳಿಬರುವುದು ಈ ಕಾರಣದಿಂದಲೇ. ಆದಿಯಿಂದ ಇದ್ದವರು ಎಂದೊಡನೆ ನೆಲದ ಹಕ್ಕಿನ ಪ್ರಶ್ನೆ ಏಳುತ್ತದೆ. ವನದಲ್ಲಿ ವಾಸಿಸುವವರು ಎಂದರೆ ಅದು ಕೇವಲ ವಿಳಾಸವಾಗುತ್ತದೆ.

ನಗರದ ಆಚರಣೆಗಳಲ್ಲಿ ಈ ಪ್ರಶ್ನೆ ಸುಲಭವಾಗಿ ಮರೆಯಾಗುತ್ತದೆ. ಛೋಟಾ ಉದೇಪುರದ ರಾಠ್ವಾ ಜನರ ಪಿಠೋರಾ ಚಿತ್ರವನ್ನೇ ನೋಡಬಹುದು. ಹರಕೆ ಹೊತ್ತ ಕುಟುಂಬವು ಮನೆಯ ಗೋಡೆಯ ಮೇಲೆ ಅದನ್ನು ಬರೆಯಿಸುತ್ತದೆ. ಬಡ್ವಾ ಎಂಬ ಪೂಜಾರಿ ವಿಧಿಯನ್ನು ನಡೆಸುತ್ತಾನೆ. ಅದರಲ್ಲಿನ ಕುದುರೆಗಳು ದೇವತೆಗಳ ಆಗಮನದ ಗುರುತು. ಅದು ಆ ಮನೆಯ ಪೂಜೆಯೇ ಹೊರತು ಅಲಂಕಾರವಲ್ಲ. ಅದೇ ಚಿತ್ರ ವಡೋದರಾದ ಹೋಟೆಲುಗಳ, ಕಚೇರಿಗಳ ಗೋಡೆಗೆ ಬಂದಾಗ ಕಣ್ಣಿಗೆ ಹಬ್ಬವಾಗುತ್ತದೆ, ಬರೆದವನಿಗೆ ನಾಲ್ಕು ಕಾಸೂ ಸಿಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಗೋಡೆಯ ಮೇಲಿನ ದೇವರನ್ನು ಸ್ವೀಕರಿಸಿದವರು ಆ ದೇವರ ನೆಲದ ಗತಿಯೇನಾಯಿತೆಂದು ಕೇಳುವುದಿಲ್ಲ. ಅಹಮದಾಬಾದ್ ಮತ್ತು ವಡೋದರಾಗಳ ನಲ್ಲಿಗಳಲ್ಲಿ ಹರಿಯುವ ನರ್ಮದೆಯ ನೀರಿಗಾಗಿ, ಸೂರತ್ತನ್ನು ಸಲಹುವ ತಾಪಿಯ ಉಕಾಯಿ ಜಲಾಶಯಕ್ಕಾಗಿ ಮನೆಮಠ ಕಳೆದುಕೊಂಡವರಲ್ಲಿ ಆದಿವಾಸಿಗಳೇ ಬಹಳ.

ಪವಿತ್ರವಾದುದನ್ನು ಪ್ರದರ್ಶನದ ವಸ್ತುವಾಗಿಸಿದರೆ ಆಗುವ ನೋವು ಜೈನ ಸಮಾಜಕ್ಕೆ ತಿಳಿಯದ ಸಂಗತಿಯಲ್ಲ. ಇಪ್ಪತ್ತು ತೀರ್ಥಂಕರರು ಮೋಕ್ಷ ಪಡೆದ ಸಮ್ಮೇದ ಶಿಖರಜಿಯನ್ನು ಪರಿಸರ ಪ್ರವಾಸೋದ್ಯಮದ ಪಟ್ಟಿಗೆ ಸೇರಿಸಿದ ಕ್ರಮದ ವಿರುದ್ಧ 2022ರ ಕೊನೆ ಮತ್ತು 2023ರ ಆರಂಭದಲ್ಲಿ ದೇಶದಾದ್ಯಂತ ಶ್ರಾವಕರು ಬೀದಿಗಿಳಿದರು. ಅಹಮದಾಬಾದ್ ಮತ್ತು ಸೂರತ್‌ಗಳಲ್ಲಿಯೂ ಭಾರಿ ಮೆರವಣಿಗೆಗಳಾದವು. ತೀರ್ಥಕ್ಷೇತ್ರವು ವಿಹಾರಧಾಮವಲ್ಲ ಎಂಬುದೇ ಆ ಹೋರಾಟದ ಸಾರ. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಆ ಚಟುವಟಿಕೆಗಳಿಗೆ ತಡೆ ನೀಡಿತು. ಹೋರಾಟ ನ್ಯಾಯವಾದುದು, ಜಯವೂ ನ್ಯಾಯವಾದುದು.

ಆದರೆ ಕೆಲವೇ ದಿನಗಳಲ್ಲಿ ಅದೇ ಬೆಟ್ಟದ ಬುಡದಲ್ಲಿ ಸಂತಾಲರು ಸಭೆ ಸೇರಿದರು. ಅವರಿಗೆ ಅದು ಮರಾಂಗ್ ಬುರು, ಎಂದರೆ ಮಹಾಪರ್ವತ, ಪರಮದೈವ. ತಲೆತಲಾಂತರದಿಂದ ತಾವು ಪೂಜಿಸುತ್ತ ಬಂದ ಬೆಟ್ಟದ ವಿಷಯದಲ್ಲಿ ತಮ್ಮನ್ನು ಒಂದು ಮಾತೂ ಕೇಳಲಿಲ್ಲ ಎಂಬುದು ಅವರ ಅಳಲು. ಈ ಅಳಲನ್ನು ಕೇಳಿದ ಎಷ್ಟು ಜೈನ ಸಭೆಗಳು ಇದನ್ನು ಚರ್ಚೆಗೆ ಎತ್ತಿಕೊಂಡವು? ಒಂದೇ ಬೆಟ್ಟವು ಇಬ್ಬರಿಗೂ ಪವಿತ್ರವಾಗಿರಬಹುದು ಎಂಬುದನ್ನು ಒಪ್ಪಲು ಬೇಕಾದ ದರ್ಶನ ಅನೇಕಾಂತವಾದಕ್ಕಿಂತ ಬೇರೊಂದಿಲ್ಲ. ಆ ತತ್ತ್ವವನ್ನು ಪ್ರವಚನದಲ್ಲಿ ಕೊಂಡಾಡಿ, ಬೆಟ್ಟದ ಬುಡದಲ್ಲಿ ಮರೆಯುವುದು ಸಮಾಜಕ್ಕೆ ಶೋಭೆ ತರುವುದಿಲ್ಲ.

ಹೀಗೆ ಹಂಚಿಕೊಂಡು ಬದುಕಿದ ನಿದರ್ಶನವು ಗುಜರಾತಿನ ಗಡಿಯಾಚೆಯೇ ಇದೆ. ಅಹಮದಾಬಾದಿನಿಂದ ಉದಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಕೇಸರಿಯಾಜಿಯ ಕಪ್ಪುಶಿಲೆಯ ಋಷಭದೇವನನ್ನು ಜೈನರು ಆದಿನಾಥನೆಂದು ಪೂಜಿಸಿದರೆ, ಭಿಲ್ಲರು ಕಾಲಾಜಿ ಎಂದು ಕರೆದು ಕೈಮುಗಿಯುತ್ತಾರೆ. ಆ ದೇವರ ಕೇಸರಿಯನ್ನು ಮುಟ್ಟಿ ಆಣೆ ಮಾಡಿದ ಭಿಲ್ಲನು ಮಾತಿಗೆ ತಪ್ಪುವುದಿಲ್ಲ ಎಂಬ ನಂಬಿಕೆ ಆ ಸೀಮೆಯಲ್ಲಿ ಪ್ರಸಿದ್ಧ.

ಅದೇ ಸೀಮೆಯಿಂದ ಬಂದವರು ಮೋತಿಲಾಲ್ ತೇಜಾವತ್. ಮೇವಾಡದ ಕೋಲಿಯಾರಿ ಗ್ರಾಮದ ಓಸ್ವಾಲ ಜೈನ ಮನೆತನದ ಈ ವ್ಯಕ್ತಿ ಜಾಗೀರಿನ ನೌಕರಿಯಲ್ಲಿದ್ದುಕೊಂಡೇ ಭಿಲ್ಲರ ಮೇಲಿನ ಬಿಟ್ಟಿದುಡಿಮೆ, ತೆರಿಗೆಗಳ ಕ್ರೌರ್ಯವನ್ನು ಕಂಡರು; ಕೆಲಸ ಬಿಟ್ಟು 1921ರಲ್ಲಿ ‘ಏಕಿ’ ಚಳವಳಿಯನ್ನು ಕಟ್ಟಿದರು. 1922ರ ಮಾರ್ಚ್ 7ರಂದು ಇಂದಿನ ಗುಜರಾತಿನ ಸಾಬರಕಾಂಠಾ ಸೀಮೆಯ ಪಾಲ್–ದಢವಾವ್ ಬಳಿ ನೆರೆದ ಜನರ ಮೇಲೆ ಮೇವಾಡ ಭಿಲ್ ಕೋರ್ ಪಡೆ ಗುಂಡಿನ ಮಳೆಗರೆಯಿತು. ಬ್ರಿಟಿಷ್ ದಾಖಲೆಯಲ್ಲಿ ಸತ್ತವರ ಸಂಖ್ಯೆ ಅಲ್ಪ; ಜನರ ನೆನಪಿನಲ್ಲಿ ಅದು ಸಾವಿರವನ್ನು ಮೀರುತ್ತದೆ. ತೇಜಾವತರು ವರ್ಷಗಟ್ಟಲೆ ಭಿಲ್ಲರ ನಡುವೆ ತಲೆಮರೆಸಿಕೊಂಡಿದ್ದು, 1929ರಲ್ಲಿ ಸೆರೆಯಾಗಿ ದೀರ್ಘಕಾಲ ಬಂದಿಯಾಗಿದ್ದರು. 2022ರ ಗಣರಾಜ್ಯೋತ್ಸವದಲ್ಲಿ ಗುಜರಾತಿನ ಸ್ತಬ್ಧಚಿತ್ರವು ಈ ಘಟನೆಯನ್ನೇ ತೋರಿಸಿತು. ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೊರೆಸುವ ಜೈನ ಸಂಸ್ಥೆಗಳಲ್ಲಿ ತೇಜಾವತರ ಹೆಸರು ಎಷ್ಟು ಕಡೆ ಕೇಳಿಬರುತ್ತದೆ? ಭಿಲ್ಲರ ನಾಡಿನಲ್ಲಿ ಸಾಲದ ಲೆಕ್ಕ ಬರೆದ ವರ್ತಕರಲ್ಲಿಯೂ ಜೈನರಿದ್ದರು ಎಂಬುದು ಇತಿಹಾಸ. ಲೆಕ್ಕದ ಪುಸ್ತಕವನ್ನು ಬದಿಗಿಟ್ಟು ಅವರ ಜೊತೆ ನಿಂತವರೂ ಜೈನರೇ. ಯಾರ ವಾರಸುದಾರರಾಗಬೇಕು ಎಂಬುದನ್ನು ಇಂದಿನ ಪೀಳಿಗೆ ಆರಿಸಿಕೊಳ್ಳಬೇಕು.

ಇನ್ನು ಎಲ್ಲಕ್ಕಿಂತ ಕಠಿಣವಾದ ವಿಷಯ ಆಹಾರ. ಮೆರವಣಿಗೆಯನ್ನು ಮೆಚ್ಚಿ ನೋಡಿದ ಬಡಾವಣೆಯಲ್ಲಿಯೇ ಆದಿವಾಸಿ ವಿದ್ಯಾರ್ಥಿಗೆ ಬಾಡಿಗೆ ಮನೆ ಸಿಗದಿದ್ದರೆ, ಅದಕ್ಕೆ ಮುಂದಿಡುವ ಕಾರಣ ಸಾಮಾನ್ಯವಾಗಿ ಅಡುಗೆಮನೆಯದು. 2021ರ ನವೆಂಬರಿನಲ್ಲಿ ಅಹಮದಾಬಾದ್, ವಡೋದರಾ ಮೊದಲಾದ ನಗರಗಳಲ್ಲಿ ಮೊಟ್ಟೆ, ಮಾಂಸದ ಗಾಡಿಗಳನ್ನು ಮುಖ್ಯರಸ್ತೆಗಳಿಂದ ತೆಗೆಸುವ ಕ್ರಮ ನಡೆದಾಗ, ಜನರು ಏನು ತಿನ್ನಬೇಕೆಂದು ನಿರ್ಧರಿಸಲು ನೀವಾರು ಎಂಬ ಅರ್ಥದಲ್ಲಿ ಉಚ್ಚ ನ್ಯಾಯಾಲಯವು ಅಹಮದಾಬಾದ್ ಪಾಲಿಕೆಯನ್ನು ತರಾಟೆಗೆ ತೆಗೆದುಕೊಂಡಿತು. ಅಹಿಂಸೆಯು ಜೈನರ ಪ್ರಾಣ. ಅದನ್ನು ಸಡಿಲಿಸಬೇಕೆಂದು ಯಾರೂ ಕೇಳುತ್ತಿಲ್ಲ. ಆದರೆ ವ್ರತವು ಸ್ವೀಕರಿಸುವವನದು. ಪಾಲಿಕೆಯ ಲಾರಿ ಅದನ್ನು ಹೇರಲಾರದು. 1922ರ ಸುಮಾರಿಗೆ ಸೂರತ್ ಜಿಲ್ಲೆಯ ಹಳ್ಳಿಗಳಲ್ಲಿ ಆದಿವಾಸಿಗಳು ದೇವಿಯ ಅಪ್ಪಣೆಯೆಂದು ಸ್ವಇಚ್ಛೆಯಿಂದ ಮದ್ಯಮಾಂಸಗಳನ್ನು ತ್ಯಜಿಸಿದರು, ಹೆಂಡದ ಗುತ್ತಿಗೆದಾರರನ್ನು ಬಹಿಷ್ಕರಿಸಿದರು. ಇತಿಹಾಸಕಾರ ಡೇವಿಡ್ ಹಾರ್ಡಿಮನ್ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಆ ತ್ಯಾಗಕ್ಕೆ ಬಲ ಬಂದುದು ಅದು ಅವರದೇ ಆತ್ಮಗೌರವದ ನಿರ್ಧಾರವಾಗಿದ್ದುದರಿಂದ.

ಊರು ಬಿಟ್ಟು ದೂರದಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳಿಗೆ ಈ ವಿಷಯದಲ್ಲಿ ಒಂದು ವಿಶೇಷ ಅರಿವಿರಬೇಕು. ಮನೆಮಾತನ್ನು ಮಕ್ಕಳ ಬಾಯಲ್ಲಿ ಉಳಿಸುವ ಕಷ್ಟ ಅವರಿಗೆ ಗೊತ್ತು. ಮೂಡುಬಿದಿರೆ, ಕಾರ್ಕಳದ ಕಡೆಯವರಿಗಂತೂ ತುಳುವಿಗೆ ಎಂಟನೆಯ ಪರಿಚ್ಛೇದದಲ್ಲಿ ಸ್ಥಾನವಿಲ್ಲದ ಕೊರಗೂ ಇದೆ. 2011ರ ಜನಗಣತಿಯಲ್ಲಿ ಭಿಲಿ ಗುಂಪಿನ ಮಾತುಗಳನ್ನಾಡುವವರು ಒಂದು ಕೋಟಿಗೂ ಹೆಚ್ಚು. ಅದಕ್ಕೂ ಆ ಪರಿಚ್ಛೇದದಲ್ಲಿ ಸ್ಥಾನವಿಲ್ಲ. ಆ ಮಾತುಗಳಿಗೆ ಆಸರೆಯಾಗಿ ವಡೋದರಾದಲ್ಲಿ 1996ರಲ್ಲಿ ‘ಭಾಷಾ’ ಸಂಸ್ಥೆಯನ್ನೂ, ಬಳಿಕ ತೇಜಗಢದಲ್ಲಿ ಆದಿವಾಸಿ ಅಕಾಡೆಮಿಯನ್ನೂ ಕಟ್ಟಿದ ಗಣೇಶ್ ದೇವಿಯವರು, ಎಂ. ಎಂ. ಕಲಬುರ್ಗಿಯವರ ಹತ್ಯೆಯ ನಂತರ ಧಾರವಾಡಕ್ಕೆ ಬಂದು ನೆಲೆಸಿದರು. ಅಹಮದಾಬಾದಿನ ಛಾರಾನಗರದಲ್ಲಿ, ಒಂದು ಕಾಲಕ್ಕೆ ‘ಅಪರಾಧಿ ಬುಡಕಟ್ಟು’ ಎಂಬ ಕಳಂಕ ಹೊತ್ತ ಸಮುದಾಯದ ಯುವಕರು 1998ರಿಂದ ನಡೆಸುತ್ತ ಬಂದ ಬುಧನ್ ಥಿಯೇಟರ್ ಕೂಡ ಇದೇ ಪ್ರಯತ್ನದ ಫಲ. ಅಲ್ಲಿನ ನಾಟಕವು ನೋಡುಗರನ್ನು ರಂಜಿಸಿ ಕಳಿಸುವುದಿಲ್ಲ, ಪ್ರಶ್ನಿಸುತ್ತದೆ.

ಆದುದರಿಂದ ಜೈನ ಸಂಘಗಳು ಮಾಡಬಹುದಾದ ಕೆಲಸಗಳು ಸ್ಪಷ್ಟವಾಗಿವೆ. ಆಗಸ್ಟ್ 9ರ ಕಾರ್ಯಕ್ರಮಕ್ಕೆ ಆದಿವಾಸಿ ಸಂಘಟನೆಗಳು ಕರೆದಾಗ ಅತಿಥಿಗಳಾಗಿ ಹೋಗಿ, ಕುಣಿತದ ನಂತರದ ಭಾಷಣಗಳಿಗೂ ಕುಳಿತಿರಬೇಕು. ಸಮಾಜದ ವಿದ್ಯಾರ್ಥಿವೇತನಗಳಲ್ಲಿ ಒಂದನ್ನಾದರೂ ತೇಜಾವತರ ಹೆಸರಿನಲ್ಲಿ ಆದಿವಾಸಿ ಮಕ್ಕಳಿಗೆ ಮೀಸಲಿಡಬೇಕು. ಪಾಠಶಾಲೆಯ ಮಕ್ಕಳನ್ನು ಗುಜರಾತ್ ವಿದ್ಯಾಪೀಠದ ಆದಿವಾಸಿ ಸಂಗ್ರಹಾಲಯಕ್ಕೆ ಕರೆದೊಯ್ಯಬೇಕು. ಶಿಖರಜಿಯ ವಿಷಯದಲ್ಲಿ ಸರ್ಕಾರದ ಬಾಗಿಲು ತಟ್ಟುವ ಮುನ್ನ ಸಂತಾಲ ಹಿರಿಯರೊಡನೆ ಕುಳಿತು ಮಾತನಾಡುವಂತೆ ತೀರ್ಥಕ್ಷೇತ್ರ ಸಮಿತಿಗಳನ್ನು ಒತ್ತಾಯಿಸಬೇಕು.

ಭಾದ್ರಪದದಲ್ಲಿ ಪರ್ಯುಷಣ ಮುಗಿದು ಕ್ಷಮಾವಣಿಯ ದಿನ ಬರುತ್ತದೆ. ಬಂಧುಮಿತ್ರರಿಗೆ, ವ್ಯಾಪಾರದ ಒಡನಾಡಿಗಳಿಗೆ ಕ್ಷಮೆಯ ಸಂದೇಶಗಳು ಸಾವಿರಗಟ್ಟಲೆ ಹೋಗುತ್ತವೆ. ಕಟ್ಟಿಸಿದ ಮನೆಯ ಇಟ್ಟಿಗೆ ಹೊತ್ತವರ ಹೆಸರು, ಬಾಡಿಗೆಗೆ ಮನೆ ಕೇಳಿ ಬರಿಗೈಯಲ್ಲಿ ಹಿಂದಿರುಗಿದವರ ಹೆಸರು ಆ ಪಟ್ಟಿಗೆ ಸೇರಿದ ವರ್ಷ, ಆಗಸ್ಟ್ 9ರ ಡೋಲಿನ ದನಿ ಜೈನರ ಮನೆಗಳಿಗೂ ಕೇಳಿಸಿತೆಂದು ಹೇಳಬಹುದು.