ಹಾಸಿಗೆ ಲೆಕ್ಕವೋ, ಮನೆ ಲೆಕ್ಕವೋ?

ಮೂಡುಬಿದಿರೆಯಲ್ಲಿ ಆಳ್ವಾಸ್, ಉಜಿರೆಯಲ್ಲಿ ಎಸ್‌ಡಿಎಂ. ಇಂಥ ಕಾಲೇಜುಗಳ ಆಸುಪಾಸಿನಲ್ಲಿ ಐದು ಸೆಂಟ್ಸ್ ಜಾಗ ಇದ್ದರೆ ಸಾಕು, ಪಿಜಿ ಕಟ್ಟುವ ಮಾತು ಶುರುವಾಗುತ್ತದೆ. ಗಲ್ಫ್‌ನಲ್ಲಿ ದುಡಿದ ಹಣ, ಅಡಿಕೆ ಮಾರಿದ ಹಣ ಎರಡಕ್ಕೂ ಅದೇ ಸುಲಭದ ದಾರಿ ಎಂಬ ನಂಬಿಕೆ ನಮ್ಮಲ್ಲಿದೆ. ನಿಜಕ್ಕೂ ಹಾಗೆಯೇ?

ಒಂದು ಲೆಕ್ಕ ಹಾಕಿ ನೋಡೋಣ. ಪುಟ್ಟ ಮನೆಯೊಂದರಲ್ಲಿ ಐವರು ವಿದ್ಯಾರ್ಥಿಗಳು ತಲಾ 2,500 ರೂಪಾಯಿ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ರಜೆಯ ಎರಡು ತಿಂಗಳು ಬಿಟ್ಟರೆ ವರ್ಷಕ್ಕೆ 1,25,000 ರೂಪಾಯಿ. ಅದೇ ಮನೆಯನ್ನು ಕುಟುಂಬವೊಂದಕ್ಕೆ ತಿಂಗಳಿಗೆ 9,000ಕ್ಕೆ ಕೊಟ್ಟರೆ 1,08,000 ರೂಪಾಯಿ. ವ್ಯತ್ಯಾಸ 17,000 ಮಾತ್ರ. ಪ್ರತಿ ಬ್ಯಾಚ್ ಹೋದಾಗಲೂ ಪೇಂಟ್, ನಲ್ಲಿ, ಪಂಪಿನ ರಿಪೇರಿ ಎಂದು ಅದು ಕರಗುತ್ತದೆ. ಒಂದೇ ಒಂದು ಹಾಸಿಗೆ ವರ್ಷವಿಡೀ ಖಾಲಿ ಉಳಿದರೂ ಆದಾಯ ಒಂದು ಲಕ್ಷಕ್ಕೆ ಇಳಿಯುತ್ತದೆ!

ಇನ್ನೊಂದು ಅಪಾಯವೂ ಇದೆ. ಪಿಜಿಯ ಭವಿಷ್ಯ ನಿಂತಿರುವುದು ಒಂದೆರಡು ಕಾಲೇಜುಗಳ ಮೇಲೆ. ಕಾಲೇಜಿನವರೇ ಹೊಸ ಹಾಸ್ಟೆಲ್ ಕಟ್ಟಿದರೆ ಕೋಣೆ ಕೇಳುವವರು ಕಡಿಮೆಯಾಗುತ್ತಾರೆ. 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ವಿದ್ಯಾರ್ಥಿಗಳು ಊರಿಗೆ ಮರಳಿದರು. ಬ್ಯಾಂಕಿನ ಕಂತಿಗೆ ಮಾತ್ರ ಬೇಸಗೆ ರಜೆ ಇರುವುದಿಲ್ಲ.

ಬಂಟ್ವಾಳದ ಬಿ.ಸಿ. ರೋಡ್ ಕಡೆ ನೋಡಿ. ಹೆದ್ದಾರಿ, ರೈಲು ನಿಲ್ದಾಣ, ತಾಲೂಕು ಕಚೇರಿ ಎಲ್ಲವೂ ಹತ್ತಿರ. ಇಲ್ಲಿ ಬಾಡಿಗೆ ಮನೆ ಹುಡುಕುವವರು ಶಿಕ್ಷಕರು, ಬಸ್ ನಿರ್ವಾಹಕರು, ಅಂಗಡಿ ಕೆಲಸದವರು, ಮಂಗಳೂರಿಗೆ ದಿನವೂ ಓಡಾಡುವವರು. ಮಕ್ಕಳು ಶಾಲೆಗೆ ಸೇರಿದ ಮೇಲೆ ಕುಟುಂಬ ಬೇಗನೆ ಮನೆ ಬದಲಿಸುವುದಿಲ್ಲ. ಆದರೆ ಕಡಿಮೆ ಬೆಲೆಗೆ ಸಿಕ್ಕಿತೆಂದು ನೇತ್ರಾವತಿಯ ಅಂಚಿನ ತಗ್ಗು ಜಾಗಕ್ಕೆ ಕೈಹಾಕಬೇಡಿ. 1974ರ ನೆರೆಯನ್ನು ಬಂಟ್ವಾಳದ ಹಿರಿಯರು ಇಂದಿಗೂ ಮರೆತಿಲ್ಲ. ಜಾಗದ ಕನ್ವರ್ಷನ್, 9/11 ಖಾತೆ, ಬಾವಿಯಲ್ಲಿ ಏಪ್ರಿಲ್‌ನಲ್ಲೂ ನೀರಿದೆಯೇ ಎಂಬುದನ್ನು ನೋಡಿಯೇ ಮುಂದುವರಿಯಿರಿ.

ಹಾಗೆಂದು ವಿದ್ಯಾರ್ಥಿಗಳಿಗೆ ಬಾಗಿಲು ಮುಚ್ಚಬೇಕೆಂದಲ್ಲ. ಹಾಸ್ಟೆಲ್ ಸಿಗದವರು, ಅದರ ಶುಲ್ಕ ಭರಿಸಲಾಗದವರು ನಮ್ಮ ನಡುವೆ ಬಹಳಷ್ಟಿದ್ದಾರೆ. 'ಫ್ಯಾಮಿಲಿಗೆ ಮಾತ್ರ' ಎಂಬ ಬೋರ್ಡ್ ಕಂಡು ಅವರು ಎಲ್ಲಿಗೆ ಹೋಗಬೇಕು? ಅಡುಗೆಮನೆ, ಗಾಳಿ ಬೆಳಕು ಇರುವ ಎರಡು ಕೋಣೆಯ ಮನೆ ಕಟ್ಟಿದರೆ ಇಂದು ವಿದ್ಯಾರ್ಥಿಗಳಿಗೆ, ನಾಳೆ ಕುಟುಂಬಕ್ಕೆ ಕೊಡಬಹುದು. ಬೆಂಕಿಪೊಟ್ಟಣದಂಥ ಹತ್ತು ಕೋಣೆ ಕಟ್ಟಿದರೆ ಆ ದಾರಿ ಮುಚ್ಚಿಹೋಗುತ್ತದೆ.

ಕರಾರುಪತ್ರ, ಬಾಡಿಗೆ ರಶೀದಿ, ಬಿಟ್ಟು ಹೋಗುವಾಗ ಅಡ್ವಾನ್ಸ್ ವಾಪಸ್. ಇಷ್ಟು ಪಾಲಿಸುವ ಮಾಲೀಕರ ಮನೆ ಖಾಲಿ ಬೀಳುವುದು ಅಪರೂಪ. ಬಾಡಿಗೆದಾರ ಯಾರೇ ಇರಲಿ, ಬಾಳಲು ಯೋಗ್ಯವಾದ ಮನೆಯೇ ನಿಜವಾದ ಹೂಡಿಕೆ.