ಗುದ್ದಿದರೆ ಹಣ್ಣಾದೀತೆ?

ವೈಶಾಖ ಕಾಲಿಟ್ಟಿತೆಂದರೆ ಮಾವಿನ ಕಾಯಿಯ ಬುಟ್ಟಿ ಹೊಸ್ತಿಲು ದಾಟಿ ಮನೆಯೊಳಗೆ ಬರುತ್ತದೆ. ಅದರ ಬೆನ್ನಿಗೇ ಆತುರವೂ ಬರುತ್ತದೆ. ಊರಿನ ತೋಟದಿಂದ ಬಂದ ಬಾದಾಮಿಯನ್ನು ಗೃಹಿಣಿ ಹುಲ್ಲಿನಲ್ಲಿ ಅಡೆ ಹಾಕಿ ಕೈ ತೊಳೆಯುವಷ್ಟರಲ್ಲಿ, “ಹಣ್ಣಾಯಿತೇನಮ್ಮಾ?” ಎಂದು ಕಿರಿಯ ಮಗ ಕೇಳಿರುತ್ತಾನೆ. ಸಂಜೆಯ ಹೊತ್ತಿಗೆ ಹುಲ್ಲು ಕೆದರಿ, ಐದಾರು ಕಾಯಿಗಳ ಮೇಲೆ ಹೆಬ್ಬೆರಳಿನ ಗುರುತು ಮೂಡಿರುತ್ತದೆ. ಯಜಮಾನರು ಗದರುತ್ತಾರೆ, ಆದರೆ ಮಕ್ಕಳು ಮಲಗಿದ ಮೇಲೆ ಅವರೂ ಒಮ್ಮೆ ಒತ್ತಿ ನೋಡದೆ ಇರಲಾರರು.

‘ಗುದ್ದಿ ಹಣ್ಣು ಮಾಡುವುದು’ ಎಂಬ ಮಾತು ಇಂಥ ಮನೆಗಳಲ್ಲಿಯೇ ಹುಟ್ಟಿದ್ದಿರಬೇಕು. ಗುದ್ದಿದರೆ ಕಾಯಿ ಬೇಗ ಮೆತ್ತಗಾಗುವುದೇನೋ ನಿಜ. ಆದರೆ ಪೆಟ್ಟು ಬಿದ್ದ ಜಾಗವೇ ಮೊದಲು ಕೊಳೆಯುತ್ತದೆ. ಹಣ್ಣಾಗುವ ಉಪಾಯವನ್ನು ಕಾಯಿ ತನ್ನೊಳಗೇ ಇಟ್ಟುಕೊಂಡಿದೆ. ಅದರ ಹೆಸರು ಎಥಿಲೀನ್ ಅನಿಲ. ದೀಪ ಉರಿಸುವ ಅನಿಲದಲ್ಲಿರುವ ಈ ಅಂಶವೇ ತನ್ನ ಪ್ರಯೋಗಶಾಲೆಯ ಬಟಾಣಿ ಸಸಿಗಳನ್ನು ಸೊಟ್ಟಗೆ ಬೆಳೆಸುತ್ತಿದೆಯೆಂದು ರಷ್ಯದ ನೆಲ್ಯುಬೊವ್ 1901ರಲ್ಲಿ ತೋರಿಸಿದನು. ಮಾಗುವ ಸೇಬು ತಾನೇ ಈ ಅನಿಲವನ್ನು ಹೊರಸೂಸುತ್ತದೆಂದು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಸಿದ್ಧಪಡಿಸಿದನು. ಈ ಅನಿಲದ ಪ್ರೇರಣೆಯಿಂದ ಕಾಯಿಯ ಹಿಟ್ಟಿನ ಅಂಶ ಸಕ್ಕರೆಯಾಗುತ್ತದೆ, ಹಸಿರು ಕರಗುತ್ತದೆ, ತಿರುಳು ಮೃದುವಾಗುತ್ತದೆ. ಹುಲ್ಲಾಗಲಿ ಅಕ್ಕಿಯ ಡಬ್ಬವಾಗಲಿ ಮಾಡುವ ಕೆಲಸ ಇಷ್ಟೆ: ಕಾಯಿಯ ಬಿಸುಪನ್ನೂ ಅದರ ಉಸಿರನ್ನೂ ಅದರ ಸುತ್ತಲೇ ಹಿಡಿದಿಡುವುದು. ಜೊತೆಯಲ್ಲಿ ಒಂದೆರಡು ಬಾಳೆಹಣ್ಣನ್ನಿಟ್ಟರೆ ಕೆಲಸ ಬೇಗ ಸಾಗುವುದೂ ಇದೇ ಕಾರಣದಿಂದ.

ಆದರೆ ಎಲ್ಲ ಹಣ್ಣಿಗೂ ಈ ಭಾಗ್ಯವಿಲ್ಲ. ಮಾವು, ಬಾಳೆ, ಸಪೋಟ, ಪರಂಗಿ, ಸೀತಾಫಲಗಳು ಕಿತ್ತ ಮೇಲೂ ಮಾಗುತ್ತವೆ. ದ್ರಾಕ್ಷಿ, ಕಿತ್ತಳೆ, ಮೋಸಂಬಿ, ದಾಳಿಂಬೆಗಳನ್ನು ಎಷ್ಟು ದಿನ ಮುಚ್ಚಿಟ್ಟರೂ ಗಿಡದಲ್ಲಿ ಬಂದಷ್ಟೇ ಸಿಹಿ. ಮಾವಾದರೂ ಬಲಿತಿರಬೇಕು. ತೊಟ್ಟಿನ ಎರಡು ಕಡೆ ಭುಜ ತುಂಬಿ ಉಬ್ಬಿದ್ದರೆ ಕಾಯಿ ಬಲಿತಿದೆಯೆಂದು ತಿಳಿಯಬಹುದು. ನೀರಿನಲ್ಲಿ ಹಾಕಿದಾಗ ಬಲಿತದ್ದು ಸಾಮಾನ್ಯವಾಗಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ತೇಲಿದ್ದನ್ನು ಉಪ್ಪಿನಕಾಯಿಗೆ ಕಳಿಸುವುದೇ ಜಾಣತನ.

ಸೊನೆ ತೊಳೆದು, ತೇವವಾರಿಸಿ, ಕಾಯಿಗಳನ್ನು ಒಂದರ ಮೇಲೊಂದು ಒತ್ತದಂತೆ ಹುಲ್ಲಿನಲ್ಲೋ ಕಾಗದದಲ್ಲೋ ಮುಚ್ಚಿಡಬೇಕು. ಗಾಳಿ ಪೂರ್ಣ ಕಟ್ಟದಿರಲಿ. ದಿನಕ್ಕೊಮ್ಮೆ ನೋಡಿ ಕೆಟ್ಟದ್ದನ್ನು ತೆಗೆಯಬೇಕು. ಹಣ್ಣಾಗುವ ಮುನ್ನ ಫ್ರಿಜ್ಜಿನಲ್ಲಿಡಬಾರದು. ಆ ಚಳಿಗೆ ಮಾವಿನ ಸಿಪ್ಪೆ ಕಲೆಗಟ್ಟಿ, ಮಾಗುವ ಶಕ್ತಿಯೇ ಕುಂದುತ್ತದೆ.

ಇನ್ನು ಉಳಿಯುವುದು ಕಾಯುವ ಕೆಲಸ. ಕಷ್ಟವಾದದ್ದೂ ಅದೇ.

ಮೈಸೂರಿನ ಒಂದು ಮನೆ. ರಜೆಗೆ ಬಂದ ಮೊಮ್ಮಗ ಪುಣೆಗೆ ಹೊರಡುವ ದಿನ ಬಂದಿತು. ಅಡೆಯ ಮಾವು ಇನ್ನೂ ಹಸಿರಾಗಿತ್ತು. ಹುಡುಗನ ಮುಖ ಚಿಕ್ಕದಾಯಿತು. “ಅತ್ತೆ, ಅಂಗಡಿಯಲ್ಲಿ ಏನೋ ಪುಡಿ ಸಿಗುತ್ತದಂತೆ, ಒಂದೇ ರಾತ್ರಿಗೆ ಹಳದಿಯಾಗುತ್ತದಂತೆ,” ಎಂದು ಸೊಸೆ ಅಂದಳು. ಆ ಪುಡಿ ಕ್ಯಾಲ್ಸಿಯಂ ಕಾರ್ಬೈಡ್. ತೇವ ತಗುಲಿದರೆ ಅಸಿಟಿಲೀನ್ ಅನಿಲವನ್ನು ಬಿಡುತ್ತದೆ. ಅದರೊಡನೆ ಆರ್ಸೆನಿಕ್, ರಂಜಕಗಳ ಲೇಶವೂ ಸೇರಿರಬಹುದು. ಅದರಿಂದ ಮಾಗಿಸಿದ ಹಣ್ಣಿನ ಮಾರಾಟವನ್ನು ನಮ್ಮ ದೇಶದ 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಎಳೆಗಾಯಿಗೆ ಅದನ್ನು ಹಾಕಿದರೆ ಹೊರಗೆ ಅರಿಶಿನ, ಒಳಗೆ ಹುಳಿ.

ಅಜ್ಜಿಗೆ ಈ ರಸಾಯನಶಾಸ್ತ್ರವೇನೂ ಗೊತ್ತಿರಲಿಲ್ಲ. “ಬಣ್ಣ ಬಂದ ಮಾತ್ರಕ್ಕೆ ಹಣ್ಣಾದೀತೇನಮ್ಮಾ?” ಎಂದಷ್ಟೇ ಹೇಳಿ, ಹನ್ನೆರಡು ಕಾಯಿಗಳನ್ನು ಆರಿಸಿ, ಹುಲ್ಲು ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮೊಮ್ಮಗನ ಕೈಗೆ ಕೊಟ್ಟರು. “ಮಂಚದ ಕೆಳಗಿಡು ಮಗು. ದಿನಾ ಮೂಸಿ ನೋಡು, ಒತ್ತಬೇಡ. ಯಾವಾಗ ತಿನ್ನಬೇಕೆಂದು ಅದೇ ಹೇಳುತ್ತದೆ.”

ಮೊದಲ ದಿನ ಫೋನು ಬಂದಿತು: “ಅಜ್ಜೀ, ಇನ್ನೂ ಇಲ್ಲ.” ಎರಡನೆಯ ದಿನವೂ ಅದೇ ಮಾತು. ಐದನೆಯ ದಿನದ ಫೋನಿನಲ್ಲಿ ಹುಡುಗನ ಸ್ವರವೇ ಬೇರೆಯಾಗಿತ್ತು. “ಅಜ್ಜೀ, ಶಾಲೆಯಿಂದ ಬಂದು ಬಾಗಿಲು ತೆಗೆದ ಕೂಡಲೇ ಗೊತ್ತಾಯಿತು. ಒಂದನ್ನೂ ಒತ್ತಲಿಲ್ಲ.”

ಆ ಸಂಜೆ ಅಜ್ಜಿ ತಮ್ಮ ಪಾಲಿಗೆ ಉಳಿದ ಅಡೆಯನ್ನು ಬಿಚ್ಚಿದರು. ಅಲ್ಲಿಯೂ ಹಣ್ಣಾಗಿತ್ತು.